ಪೇಪರಿನ ಸುಡೊಕು ಸಪ್ಪೆ ಆದವರಿಗೆ: ಆನ್‌ಲೈನ್ ಸ್ಪರ್ಧೆಗಳ ಬಗ್ಗೆ

ದಿನಪತ್ರಿಕೆಯ ಸುಡೊಕು ಚಹಾ ಆರುವುದರೊಳಗೆ ಮುಗಿದುಹೋಗುತ್ತದೆ, ಆ್ಯಪ್‌ನಲ್ಲಿ ‘ಕಠಿಣ’ ಅಂತ ಹೆಸರಿಟ್ಟಿದ್ದೂ ಬೇಜಾರು ಬಂದಿದೆ ಅನ್ನುವವರು ನನಗೆ ಆಗಾಗ ಸಿಗುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಆನ್‌ಲೈನ್ ಸುಡೊಕು ಸ್ಪರ್ಧೆಗೆ ಹೆಸರು ಹಚ್ಚಿ. ಗೆಲ್ಲುವುದಕ್ಕಲ್ಲ. ಅಲ್ಲಿ ಕೊಡುವಂಥ ಸುಡೊಕು ಬೇರೆ ಕಡೆ ಸಿಗುವುದು ಕಷ್ಟ, ಅದಕ್ಕೆ.

ನಾನು ಆಡುವುದು ಎರಡು ಸ್ಪರ್ಧೆ. ಒಂದು, ನಮ್ಮ ದೇಶದ ಪಜಲ್ ಸಂಸ್ಥೆ ಲಾಜಿಕ್ ಮಾಸ್ಟರ್ಸ್ ಇಂಡಿಯಾ ನಡೆಸುವ ಸುಡೊಕು ಮಹಾಭಾರತ್. ವಿಶ್ವ ಚಾಂಪಿಯನ್‌ಷಿಪ್‌ಗೆ ನಮ್ಮ ದೇಶದ ತಂಡವನ್ನು ಆರಿಸುವ ದಾರಿ ಇದು. ಇನ್ನೊಂದು, ವರ್ಲ್ಡ್ ಪಜಲ್ ಫೆಡರೇಷನ್‌ನ ಸುಡೊಕು ಗ್ರ್ಯಾಂಡ್ ಪ್ರಿ. ಅದರಲ್ಲಿ ತಿಂಗಳುಗಟ್ಟಲೆ ಹರಡಿಕೊಂಡ 8 ಸುತ್ತು. ಒಂದೊಂದು ಸುತ್ತನ್ನು ಒಂದೊಂದು ದೇಶದವರು ಕಟ್ಟಿ ಕೊಡುತ್ತಾರೆ. ಶುಕ್ರವಾರದಿಂದ ಸೋಮವಾರದವರೆಗೆ ಸುತ್ತು ತೆರೆದಿರುತ್ತದೆ, ಅದರೊಳಗೆ ನಮಗೆ ಅನುಕೂಲವಾದ 90 ನಿಮಿಷ ಆರಿಸಿಕೊಳ್ಳಬಹುದು. ದುಡ್ಡು ಕೊಡಬೇಕಾಗಿಲ್ಲ. ಕೊನೆಗೆ ಲೆಕ್ಕಕ್ಕೆ ಹಿಡಿಯುವುದು ನಮ್ಮ ಒಳ್ಳೆಯ 6 ಸುತ್ತುಗಳನ್ನು ಮಾತ್ರ. ಹಾಗಾಗಿ ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ ಅಂತ ಒಂದೆರಡು ಸುತ್ತು ತಪ್ಪಿದರೂ ವರ್ಷ ಕೆಡುವುದಿಲ್ಲ. ಈ ನಿಯಮ ಮಾಡಿದವರಿಗೆ ನನ್ನ ನಮಸ್ಕಾರ.

ನನ್ನ ಕೆಲಸ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವುದು. ಬೇಸಿಗೆ ಭತ್ತದ ಲೋಡು ಬರಲು ಶುರುವಾದರೆ ನಮಗೆ ರಾತ್ರಿ ಯಾವುದು, ಹಗಲು ಯಾವುದು ಗೊತ್ತಾಗುವುದಿಲ್ಲ. ತೂಕದ ಚೀಟಿ, ಹಮಾಲಿ, ಲಾರಿ ಬಾಡಿಗೆ, ರೈತರ ಪಾವತಿ, ಎಲ್ಲದಕ್ಕೂ ಅಂಕಿಯೇ. ದಿನವಿಡೀ ಅಂಕಿ ನೋಡಿದವಳು ಭಾನುವಾರವೂ ಅಂಕಿಯನ್ನೇ ಹಿಡಿದು ಕೂರುತ್ತಾಳಲ್ಲ ಅಂತ ನಮ್ಮ ಅಮ್ಮನಿಗೆ ಅಚ್ಚರಿ. ಆದರೆ ಸುಡೊಕುವಿನ ಅಂಕಿಗೆ ರೂಪಾಯಿಯೂ ಇಲ್ಲ, ಕ್ವಿಂಟಲೂ ಇಲ್ಲ. ಒಂಬತ್ತು ಬೇರೆ ಬೇರೆ ಗುರುತು, ಅಷ್ಟೇ. ಆ ಹಗುರ ನನಗೆ ಬಹಳ ಇಷ್ಟ.

ಈಗ ವಿಷಯಕ್ಕೆ ಬರುತ್ತೇನೆ. ಪೇಪರಿನ ಸುಡೊಕುವಿಗೂ ಸ್ಪರ್ಧೆಯ ಸುಡೊಕುವಿಗೂ ಏನು ವ್ಯತ್ಯಾಸ?

ಆ್ಯಪ್‌ಗಳಲ್ಲಿ ಬರುವುದು ಹೆಚ್ಚಾಗಿ ಕಂಪ್ಯೂಟರ್ ತಾನೇ ಹೆಣೆದದ್ದು. ಉತ್ತರ ಒಂದೇ ಇರುತ್ತದೆ, ಬಿಡಿಸಬಹುದು, ಸರಿ. ಆದರೆ ಅದರಲ್ಲಿ ಯಾರ ಕೈಯೂ ಕಾಣುವುದಿಲ್ಲ. ನಾನು ಮೊದಲು ಆಡುತ್ತಿದ್ದ ಆ್ಯಪ್ ಒಂದರಲ್ಲಿ ಎರಡು ಆಟದ ನಡುವೆ ಒಂದು ಜಾಹೀರಾತು ಬೇರೆ. ಸ್ಪರ್ಧೆಯ ಸುಡೊಕು ಹಾಗಲ್ಲ. ಒಬ್ಬರು ಕೂತು, ಯೋಚಿಸಿ, ಇಲ್ಲಿಂದ ಒಳಗೆ ಬರಲಿ ಅಂತ ಒಂದು ಬಾಗಿಲು ಇಟ್ಟಿರುತ್ತಾರೆ. ಆ ಬಾಗಿಲು ಸಿಗುವ ತನಕ ಹಾಳೆ ಮೌನ. ಸಿಕ್ಕಿತೋ, ಒಂದರ ಹಿಂದೆ ಒಂದು ಮನೆ ತುಂಬುತ್ತಾ ಹೋಗುತ್ತದೆ.

ಕೈಯಿಂದ ಕಟ್ಟುವ ಈ ಪದ್ಧತಿ ಸುಡೊಕುವಿನ ಜೊತೆಗೇ ಬಂದದ್ದು. ಅಮೆರಿಕದ ಹೊವಾರ್ಡ್ ಗಾರ್ನ್ಸ್ ಅನ್ನುವವರು ಕಟ್ಟಿದ ಪಜಲ್ 1979ರಲ್ಲಿ ಡೆಲ್ ಕಂಪನಿಯ ಪತ್ರಿಕೆಯಲ್ಲಿ ಅಚ್ಚಾಯಿತು. 1984ರಲ್ಲಿ ಜಪಾನಿನ ಪಜಲ್ ಕಂಪನಿ ನಿಕೋಲಿಯವರು ಅದನ್ನು ತಮ್ಮ ಪತ್ರಿಕೆಗೆ ತಂದರು, ಸುಡೊಕು ಅನ್ನುವ ಹೆಸರು ಅಲ್ಲಿಂದ. 2004ರ ನವೆಂಬರಿನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಹಾಕಲು ಶುರುಮಾಡಿದ ಮೇಲೆ ಜಗತ್ತಿಗೆಲ್ಲ ಹರಡಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2006ರಲ್ಲಿ, ಇಟಲಿಯ ಲುಕ್ಕಾದಲ್ಲಿ. ನಮ್ಮ ದೇಶಕ್ಕೂ ಅದು ಎರಡು ಸಲ ಬಂದಿದೆ. 2008ರಲ್ಲಿ ಗೋವಾ, 2017ರಲ್ಲಿ ನಮ್ಮ ಬೆಂಗಳೂರು. ಗಂಗಾವತಿಯಿಂದ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಮುಟ್ಟುವ ಊರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದರೂ ಆಗ ನಮ್ಮ ಕಡೆ ಯಾರಿಗೂ ಸುದ್ದಿ ಇರಲಿಲ್ಲ. ಈಗಲೂ ನೆನೆದರೆ ಬೇಸರವಾಗುತ್ತದೆ.

ಸ್ಪರ್ಧೆಯಲ್ಲಿ ಮಾಮೂಲಿ ಸುಡೊಕು ಕೆಲವು ಇರುತ್ತವೆ. ಉಳಿದದ್ದೆಲ್ಲ ವೇರಿಯಂಟ್. ಅಂದರೆ ಅಡ್ಡಸಾಲು, ಕಂಬಸಾಲು, ಒಂಬತ್ತು ಮನೆಯ ಬಾಕ್ಸ್ ಈ ಮೂರರಲ್ಲೂ 1ರಿಂದ 9 ಒಂದೊಂದೇ ಸಲ ಬರಬೇಕು ಅನ್ನುವ ನಿಯಮ ಹಾಗೇ ಇದ್ದು, ಮೇಲೊಂದು ಹೊಸ ನಿಯಮ. ಮೂಲೆಯಿಂದ ಮೂಲೆಗೆ ಹೋಗುವ ಗೆರೆಯಲ್ಲೂ 1ರಿಂದ 9 ಬರಬೇಕು ಅನ್ನುವುದು ಒಂದು ಬಗೆ. ಚದುರಂಗದ ಕುದುರೆ ಹಾರುವಷ್ಟು ದೂರದಲ್ಲಿ ಅದೇ ಅಂಕಿ ಇರಬಾರದು ಅನ್ನುವುದು ಇನ್ನೊಂದು. ಥರ್ಮೋ ಅಂತ ಒಂದಿದೆ. ಜ್ವರ ನೋಡುವ ಕಡ್ಡಿಯ ಚಿತ್ರ, ಬುರುಡೆಯಿಂದ ತುದಿಗೆ ಅಂಕಿ ಏರುತ್ತಲೇ ಹೋಗಬೇಕು. ಏಳು ಮನೆ ಉದ್ದದ ಕಡ್ಡಿ ಕಂಡರೆ ಬುರುಡೆಯಲ್ಲಿ 1, 2, 3 ಬಿಟ್ಟು ಬೇರೆ ಕೂರುವ ಹಾಗಿಲ್ಲ, ತುದಿಯಲ್ಲಿ 7, 8, 9 ಬಿಟ್ಟು ಬೇರೆ ಇಲ್ಲ. ಒಂದು ಅಂಕಿಯನ್ನೂ ಕೊಡದೆ ಎಷ್ಟು ಹೇಳಿಬಿಟ್ಟರು ನೋಡಿ.

ನನಗೆ ಅತಿ ಪ್ರೀತಿಯದು ಕಿಲ್ಲರ್. ಚುಕ್ಕಿಗೆರೆಯಲ್ಲಿ ಸಣ್ಣ ಸಣ್ಣ ಗೂಡು ಬರೆದು ಅದರ ಮೊತ್ತ ಮಾತ್ರ ಕೊಟ್ಟಿರುತ್ತಾರೆ, ಒಂದು ಗೂಡಿನಲ್ಲಿ ಅದೇ ಅಂಕಿ ಎರಡು ಸಲ ಬರುವುದಿಲ್ಲ. ಒಳಗೆ ಏನಿದೆ ಅಂತ ನಾವು ಕಂಡುಹಿಡಿಯಬೇಕು. ಇದರ ಕೀಲಿ 45. ಯಾವುದೇ ಬಾಕ್ಸಿನ ಒಂಬತ್ತು ಅಂಕಿ ಕೂಡಿದರೂ 45 ಆಗಲೇಬೇಕು. ಒಂದು ಬಾಕ್ಸನ್ನು ತುಂಬಿದ ಗೂಡುಗಳ ಮೊತ್ತ 8, 13, 20, 11 ಅಂತ ಇಟ್ಟುಕೊಳ್ಳಿ. ಆ 11ರ ಗೂಡು ಎರಡು ಮನೆಯದು, ಅದರಲ್ಲಿ ಒಂದು ಮನೆ ಪಕ್ಕದ ಬಾಕ್ಸಿಗೆ ಚಾಚಿದೆ. ಎಲ್ಲ ಕೂಡಿದರೆ 52. ಹೆಚ್ಚಿಗೆ ಬಂದ 7 ಯಾವುದು? ಆಚೆ ಚಾಚಿದ ಆ ಮನೆಯದೇ. ಅಲ್ಲಿ 7 ಬರೆದರೆ ಗೂಡಿನ ಇನ್ನೊಂದು ಮನೆಗೆ 4 ತಾನಾಗಿ ಬಂದು ಕೂರುತ್ತದೆ. ಸಂಜೆ ಗೇಟಿನ ತೂಕವನ್ನೂ ಖಾತೆಯ ತೂಕವನ್ನೂ ತಾಳೆ ನೋಡುವಾಗ ವ್ಯತ್ಯಾಸ ಬಂದ ಚೀಟಿ ಕೈಗೆ ಸಿಕ್ಕ ಹಾಗೆ ಇದು. ಅದಕ್ಕೇ ಇರಬೇಕು, ಕಿಲ್ಲರ್ ಬಂದರೆ ನನ್ನ ಕೈ ತಡೆಯುವುದಿಲ್ಲ.

ಗೂಡಿನ ಮೊತ್ತಗಳು ಕೆಲವು ಬಾಯಿಪಾಠ ಇರಲಿ. ಮೂರು ಮನೆಗೆ 6 ಅಂದರೆ 1, 2, 3. 7 ಅಂದರೆ 1, 2, 4. 24 ಅಂದರೆ 7, 8, 9. 23 ಅಂದರೆ 6, 8, 9. ಎರಡು ಮನೆಗೆ 16 ಅಂದರೆ 7 ಮತ್ತು 9, 17 ಅಂದರೆ 8 ಮತ್ತು 9. ಮಗ್ಗಿ ಕಲಿತ ಹಾಗೆ ಇವನ್ನು ಕಲಿತರೆ ಸ್ಪರ್ಧೆಯಲ್ಲಿ ಎಷ್ಟೋ ನಿಮಿಷ ಉಳಿಯುತ್ತದೆ.

ಕ್ರೋಪ್ಕಿ ಅನ್ನುವುದು ಚುಕ್ಕಿಗಳ ಆಟ. ಎರಡು ಮನೆಯ ನಡುವೆ ಬಿಳಿ ಚುಕ್ಕಿ ಇದ್ದರೆ ಅಂಕಿಗಳು ಒಂದರ ಪಕ್ಕದ ಒಂದು, 3 ಮತ್ತು 4ರ ಹಾಗೆ. ಕಪ್ಪು ಚುಕ್ಕಿ ಇದ್ದರೆ ಒಂದು ಇನ್ನೊಂದರ ಎರಡರಷ್ಟು. ಹೀಗಾಗಿ 5, 7, 9 ಕಪ್ಪು ಚುಕ್ಕಿಯ ಹತ್ತಿರ ಸುಳಿಯುವುದೇ ಇಲ್ಲ. ಒಂದೇ ಸಾಲಿನಲ್ಲಿ ಒತ್ತಿಗೆ ನಾಲ್ಕು ಮನೆ, ನಡುವೆ ಮೂರು ಕಪ್ಪು ಚುಕ್ಕಿ ಕಂಡರೆ ಅದು 1, 2, 4, 8. ಬೇರೆ ಯಾವುದೂ ಸಾಧ್ಯವಿಲ್ಲ. ಎಡದಿಂದ ಓದಬೇಕೋ ಬಲದಿಂದ ಓದಬೇಕೋ ಅಷ್ಟೇ ಉಳಿದ ಪ್ರಶ್ನೆ. ಚುಕ್ಕಿ ಇಲ್ಲದ ಕಡೆಯೂ ಸುಮ್ನೆ ಬಿಟ್ಟದ್ದಲ್ಲ. ಸಾಧ್ಯವಿರುವ ಚುಕ್ಕಿಯನ್ನೆಲ್ಲ ಹಾಕಿದ್ದೇವೆ ಅಂತ ನಿಯಮದಲ್ಲಿ ಬರೆದಿದ್ದರೆ, ಚುಕ್ಕಿ ಇಲ್ಲದ ಜಾಗವೂ ಒಂದು ಸುಳಿವು. ನನ್ನ ಅಣ್ಣನ ಮಗಳು ಇದನ್ನು ನನಗಿಂತ ಬೇಗ ಹಿಡಿದಳು. “ಅತ್ತಿ, ಚುಕ್ಕಿ ಇಲ್ಲದ ಕಡೆ ಮೊದ್ಲು ನೋಡು, ಅಲ್ಲೇ ಜಾಸ್ತಿ ಹೇಳ್ತೈತಿ” ಅಂದಳು. ಹೈಸ್ಕೂಲ್ ಹುಡುಗಿ. ಅವಳ ಮಾತು ನನ್ನ ಆಟವನ್ನೇ ಬದಲಾಯಿಸಿತು.

ಮಾಮೂಲಿ ಸುಡೊಕುವಿಗೆ ಉತ್ತರ ಒಂದೇ ಇರಬೇಕೆಂದರೆ ಕನಿಷ್ಠ 17 ಅಂಕಿ ಕೊಡಲೇಬೇಕು ಅಂತ 2012ರಲ್ಲಿ ಕಂಪ್ಯೂಟರ್ ಹಚ್ಚಿ ತೋರಿಸಿದ್ದಾರೆ. ವೇರಿಯಂಟ್‌ಗೆ ಆ ಕಟ್ಟು ಇಲ್ಲ. 2020ರಲ್ಲಿ ಮಿಚೆಲ್ ಲೀ ಅನ್ನುವವರು ಕಟ್ಟಿದ ಒಂದು ಸುಡೊಕುವಿನಲ್ಲಿ ಕೊಟ್ಟದ್ದು ಎರಡೇ ಅಂಕಿ, ಒಂದು 1 ಮತ್ತು ಒಂದು 2. ಕ್ರ್ಯಾಕಿಂಗ್ ದಿ ಕ್ರಿಪ್ಟಿಕ್ ಯೂಟ್ಯೂಬ್ ಚಾನೆಲ್‌ನ ಸೈಮನ್ ಆಂಥನಿ ಅದನ್ನು ಬಿಡಿಸುವ ವಿಡಿಯೊವನ್ನು ಲಕ್ಷಗಟ್ಟಲೆ ಜನ ನೋಡಿದರು. ಲಾಕ್‌ಡೌನ್‌ನ ಆ ದಿನಗಳಲ್ಲಿ ಎಷ್ಟೋ ಮಂದಿ ಈ ಕಡೆ ತಿರುಗಿದ್ದು ಅದನ್ನು ನೋಡಿಯೇ.

ಸ್ಪರ್ಧೆ ನಡೆಯುವ ಬಗೆ ಹೇಳುತ್ತೇನೆ. ಸುತ್ತು ಶುರುವಾಗುವ ಕೆಲವು ದಿನ ಮುಂಚೆಯೇ ನಿಯಮದ ಪುಸ್ತಿಕೆ ಬರುತ್ತದೆ. ಯಾವ ಯಾವ ಬಗೆ ಇದೆ, ಒಂದೊಂದಕ್ಕೆ ಎಷ್ಟು ಅಂಕ, ಉದಾಹರಣೆ, ಅದರ ಉತ್ತರ ಎಲ್ಲ ಅದರಲ್ಲಿ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲೇ ಅತಿ ಒಳ್ಳೆಯದು ಈ ಪುಸ್ತಿಕೆ. ಇದನ್ನು ಓದದೆ ಕೂರುವುದು ಅಡುಗೆ ಸಾಮಾನು ತರದೆ ಒಲೆ ಹಚ್ಚಿದಂತೆ ಅಂತ ನಾನು ಹೇಳುವುದಿಲ್ಲ, ನೇರವಾಗಿ ಹೇಳುತ್ತೇನೆ: ಓದದೆ ಕೂರಬೇಡಿ. ನಾನು ಗಿರಣಿಯಲ್ಲಿ ಊಟದ ಹೊತ್ತಿಗೆ ಪುಸ್ತಿಕೆ ತೆಗೆದು ಒಂದೊಂದು ಉದಾಹರಣೆಯನ್ನು ಉತ್ತರ ಮುಚ್ಚಿಕೊಂಡು ಬಿಡಿಸುತ್ತೇನೆ. ನಿಯಮ ಕೈಗೆ ಹತ್ತಿದ್ದರೆ 90 ನಿಮಿಷ ಪೂರ್ತಿ ಬಿಡಿಸುವುದಕ್ಕೇ ಸಿಗುತ್ತದೆ.

ಶುರು ಅಂತ ಒತ್ತಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಪಜಲ್‌ಗಳು ಕಾಣುವುದೇ ಆಮೇಲೆ. ಕರೆಂಟ್ ಹೋಯಿತು, ನೆಟ್ ಹೋಯಿತು ಅಂದರೆ ಅದು ನಿಲ್ಲುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಕರೆಂಟನ್ನು ನಂಬಿ ಕೂರಬೇಡಿ. ಬೆಳಗಿನ ಜಾವ ವಾಸಿ. ಬಿಸಿಲೂ ಇರುವುದಿಲ್ಲ, ಫೋನೂ ಬರುವುದಿಲ್ಲ. ನಾನು ಸಾಹುಕಾರರನ್ನು ಕೇಳಿ ಭಾನುವಾರ ಗಿರಣಿಯ ಆಫೀಸಿನಲ್ಲೇ ಕೂರುತ್ತೇನೆ. ಅಲ್ಲಿ ಇನ್ವರ್ಟರ್ ಇದೆ, ಬಿಲ್ಲಿಗೆ ಇಟ್ಟ ಲೇಸರ್ ಪ್ರಿಂಟರ್ ಇದೆ. “ಆಡವ್ವಾ, ಕಾಗದ ಮಾತ್ರ ನಿಂದು ತಗೊಂಡ್ ಬಾ” ಅಂದರು. ಪುಣ್ಯವಂತರು.

ಪ್ರಿಂಟ್ ತೆಗೆದು ಪೆನ್ಸಿಲ್‌ನಲ್ಲಿ ಆಡುವುದೇ ನನಗೆ ಸರಿ. ಮೂಲೆಯಲ್ಲಿ ಸಣ್ಣ ಅಂಕಿ ಬರೆಯಬಹುದು, ಥರ್ಮೋ ಕಡ್ಡಿಯ ಮೇಲೆ ಬೆರಳಾಡಿಸಬಹುದು, ಒಂದು ಹಾಳೆ ಸಿಕ್ಕಿಬಿದ್ದರೆ ಪಕ್ಕಕ್ಕಿಟ್ಟು ಇನ್ನೊಂದು ಎಳೆದುಕೊಳ್ಳಬಹುದು. ಟೋನರ್ ಚೆನ್ನಾಗಿದೆಯಾ ಅಂತ ಹಿಂದಿನ ದಿನವೇ ನೋಡಿ. ಕೆಲವು ಬಗೆಯಲ್ಲಿ ಸಮ ಅಂಕಿ ಬರುವ ಮನೆಗೆ ತೆಳ್ಳಗೆ ಬೂದು ಬಣ್ಣ ಹಾಕಿರುತ್ತಾರೆ, ಬಾಣ ಬರೆದ ಬಗೆಯಲ್ಲಿ ಅದರ ಗೆರೆ ಕೂದಲಿನಷ್ಟು ಸಣ್ಣ. ಟೋನರ್ ಕಡಿಮೆ ಆಗಿದ್ದರೆ ಅವು ಹಾಳೆಯಲ್ಲಿ ಮೂಡುವುದೇ ಇಲ್ಲ. ಪೆನ್ಸಿಲ್ ಎರಡು ಇರಲಿ, ರಬ್ಬರ್ ಒಳ್ಳೆಯದಿರಲಿ.

ಬಿಡಿಸಿದ ಮೇಲೆ ಇಡೀ ಹಾಳೆ ಟೈಪ್ ಮಾಡಬೇಕಾಗಿಲ್ಲ. ಬಾಣ ಹಾಕಿ ತೋರಿಸಿದ ಸಾಲುಗಳ ಅಂಕಿಗಳನ್ನು ತುಂಬಿದರೆ ಸಾಕು. ಕೆಲವು ಸ್ಪರ್ಧೆಯಲ್ಲಿ ಉತ್ತರ ಸರಿಯೋ ತಪ್ಪೋ ಅಂತ ಆಗಲೇ ಹೇಳುತ್ತಾರೆ, ತಪ್ಪು ಕೊಟ್ಟಷ್ಟೂ ಆ ಪಜಲ್‌ನ ಅಂಕ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಒತ್ತುವ ಮುಂಚೆ ಒಂದು ಸಲ ಕಣ್ಣಾಡಿಸಿ. ಅಷ್ಟು ಹೊತ್ತು ದಂಡ ಅಲ್ಲ.

ಯಾವುದನ್ನು ಮೊದಲು ಹಿಡಿಯಬೇಕು ಅನ್ನುವುದೇ ಇಲ್ಲಿ ದೊಡ್ಡ ಜಾಣತನ. ಜಾಸ್ತಿ ಅಂಕದ್ದಕ್ಕೆ ನೇರವಾಗಿ ಕೈ ಹಾಕಬೇಕು ಅಂತ ಅನ್ನಿಸುತ್ತದೆ. ಆದರೆ ಅಂಕ ಜಾಸ್ತಿ ಅಂದರೆ ಹೊತ್ತೂ ಜಾಸ್ತಿ. ಮೊದಲು ಮಾಮೂಲಿ ಸುಡೊಕು ಒಂದೆರಡು ಬಿಡಿಸಿ ಕೈ ಬಿಸಿ ಮಾಡಿಕೊಳ್ಳುತ್ತೇನೆ. ಆಮೇಲೆ ಕಿಲ್ಲರ್, ಕ್ರೋಪ್ಕಿ, ಥರ್ಮೋ. ನನಗೆ ಹೊಂದದ್ದು ಸ್ಯಾಂಡ್‌ವಿಚ್, ಅಂದರೆ ಸಾಲಿನಲ್ಲಿ 1 ಮತ್ತು 9ರ ನಡುವೆ ಇರುವ ಅಂಕಿಗಳ ಮೊತ್ತ ಮಾತ್ರ ಹೊರಗೆ ಬರೆದಿರುತ್ತಾರೆ. 35 ಅಂತ ಇದ್ದರೆ ಸುಲಭ, 1 ಮತ್ತು 9 ಎರಡು ತುದಿಗೆ. 0 ಇದ್ದರೆ ಅಕ್ಕಪಕ್ಕ. ನಡುವಿನ ಮೊತ್ತಗಳು ಬಂದರೆ ನನಗೆ ಹೊತ್ತು ಹಿಡಿಯುತ್ತದೆ, ಅದಕ್ಕೆ ಕೊನೆಗೆ ಇಡುತ್ತೇನೆ. ನಿಮ್ಮ ಕೈಗೆ ಯಾವುದು ಹೊಂದುತ್ತದೆ ಅಂತ ಎರಡು ಮೂರು ಸುತ್ತಿನಲ್ಲಿ ನಿಮಗೇ ತಿಳಿಯುತ್ತದೆ.

ಎಲ್ಲವನ್ನೂ ಬಿಡಿಸಬೇಕು ಅಂತ ಹೊರಡಬೇಡಿ. ಇದು ಶಾಲೆಯ ಪರೀಕ್ಷೆ ಅಲ್ಲ. ಹೊತ್ತಿನೊಳಗೆ ಪೂರ್ತಿ ಮುಗಿಸುವವರು ಬಹಳ ಮೇಲಿನವರು. 2014 ಮತ್ತು 2015ರಲ್ಲಿ ವಿಶ್ವ ಚಾಂಪಿಯನ್ ಆದ ಜಪಾನಿನ ಕೋಟಾ ಮೊರಿನಿಶಿಯಂಥವರು, ನಮ್ಮವರೇ ಆದ ರೋಹನ್ ರಾವ್, ಪ್ರಸನ್ನ ಶೇಷಾದ್ರಿಯಂಥವರು ಬೆಳೆದದ್ದು ಇಂಥ ಹಾಳೆಗಳನ್ನು ಬಿಡಿಸುತ್ತಲೇ. ಬೇರೆ ಯಾವ ಆಟದಲ್ಲಿ ಹೀಗಿದೆ ಹೇಳಿ? ಜಗತ್ತಿನ ದೊಡ್ಡ ಆಟಗಾರರಿಗೆ ಕೊಟ್ಟ ಅದೇ ಹಾಳೆ, ಅದೇ 90 ನಿಮಿಷ, ಗಂಗಾವತಿಯ ಗಿರಣಿ ಆಫೀಸಿನಲ್ಲಿ ಕೂತವಳಿಗೂ ಸಿಗುತ್ತದೆ. ಪಟ್ಟಿಯಲ್ಲಿ ನನ್ನ ಹೆಸರು ಬಹಳ ಕೆಳಗೆ ಇರುತ್ತದೆ. ಅದನ್ನು ನೋಡಲು ನನಗೆ ಹೆಮ್ಮೆಯೇ.

ಒಂದು ವಿಷಯದಲ್ಲಿ ಮಾತ್ರ ನನಗೆ ಎರಡು ಮನಸ್ಸು. ಹೊತ್ತಿನ ಒತ್ತಡದಲ್ಲಿ ಚೆಂದದ ಪಜಲ್ ಕೂಡ ಸರಕ್ಕನೆ ದಾಟಿಹೋಗುತ್ತದೆ. ಕಟ್ಟಿದವರು ಎಷ್ಟು ಯೋಚಿಸಿ ಇಟ್ಟ ಬಾಗಿಲು ಅದು, ನಾವು ಓಡಿಕೊಂಡು ಒಳಗೆ ಹೋದರೆ ಅದರ ಕೆತ್ತನೆ ಕಾಣುವುದಿಲ್ಲ ಅಲ್ವಾ? ಅದಕ್ಕೆ ಸುತ್ತು ಮುಗಿದ ಮೇಲೆ ನಾನು ಹಾಳೆಗಳನ್ನು ಎಸೆಯುವುದಿಲ್ಲ. ಆ ವಾರವೆಲ್ಲ ರಾತ್ರಿ ಒಂದೊಂದನ್ನು ಹೊಸದಾಗಿ, ನಿಧಾನವಾಗಿ ಬಿಡಿಸುತ್ತೇನೆ. ಗ್ರ್ಯಾಂಡ್ ಪ್ರಿಯ ಹಳೆಯ ಸುತ್ತುಗಳ ಪುಸ್ತಿಕೆಗಳೂ ಪುಕ್ಕಟೆ ಸಿಗುತ್ತವೆ. ಸ್ಪರ್ಧೆ ಬೇಡ ಅನ್ನುವವರು ಅವನ್ನಷ್ಟೇ ಇಳಿಸಿಕೊಂಡರೂ ವರ್ಷಕ್ಕಾಗುವಷ್ಟು ಇದೆ.

ಫೋನಿನಲ್ಲೇ ಆಡಬೇಕು ಅನ್ನುವವರಿಗೆ ನಾನು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಆರು ಇಂಚಿನ ತೆರೆಯಲ್ಲಿ ಗೂಡಿನ ಮೊತ್ತವೂ ಚುಕ್ಕಿಯೂ ಕಣ್ಣಿಗೆ ಕೆಲಸ ಕೊಡುತ್ತವೆ. ಪ್ರಿಂಟರ್ ಇಲ್ಲದವರು ಒಬ್ಬ ಗೆಳೆಯರ ಆಫೀಸನ್ನೋ, ಶಾಲೆಯ ಕಂಪ್ಯೂಟರ್ ಕೋಣೆಯನ್ನೋ ನೋಡಿಕೊಳ್ಳಿ. ಜೆರಾಕ್ಸ್ ಅಂಗಡಿಗೆ ಓಡಿದರೆ ಹೋಗಿ ಬರುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ.

ಯಾರೂ ಪಕ್ಕದಲ್ಲಿ ಕಾವಲು ಕೂರುವುದಿಲ್ಲ, ಎಲ್ಲ ನಂಬಿಕೆಯ ಮೇಲೆ ನಡೆಯುತ್ತದೆ. ಒಬ್ಬರೇ ಬಿಡಿಸಬೇಕು, ಕಂಪ್ಯೂಟರ್ ಹಚ್ಚಬಾರದು. ಅಣ್ಣನ ಮಗಳಿಗೆ ನಾನು ಮೊದಲು ಹೇಳಿಕೊಟ್ಟದ್ದು ಇದನ್ನೇ, 45ರ ಲೆಕ್ಕ ಆಮೇಲೆ. ನಾನು ಆಡುವಾಗ ಅವಳು ಆಚೆ ಕೋಣೆ, ಅವಳು ಆಡುವಾಗ ನಾನು ಆಚೆ ಕೋಣೆ. ಇಬ್ಬರದೂ ಮುಗಿಯುವ ತನಕ ಆ ಸುತ್ತಿನ ಬಗ್ಗೆ ಒಂದು ಮಾತಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 18ರ ಒಳಗಿನವರಿಗೆ ಬೇರೆ ವಿಭಾಗ ಇದೆ ಅಂತ ಗೊತ್ತಾದ ಮೇಲಂತೂ ಅವಳ ಪೆನ್ಸಿಲ್ ಕೆಳಗೆ ಇಳಿದಿಲ್ಲ. 50 ದಾಟಿದವರಿಗೂ ಒಂದು ವಿಭಾಗ ಇದೆ. ನಿವೃತ್ತಿಯಾದ ಮಾಸ್ತರರು, ಬ್ಯಾಂಕಿನವರು ಕೊಪ್ಪಳ ಗಂಗಾವತಿಯಲ್ಲಿ ಎಷ್ಟು ಜನ ಇಲ್ಲ! ದಿನಾ ಬೆಳಗ್ಗೆ ಪೇಪರಿನ ಮೂಲೆಯಲ್ಲಿ ಸುಡೊಕು ಬಿಡಿಸುವವರೇ ಎಲ್ಲ.

ನಿಯಮಗಳು ಇಂಗ್ಲಿಷಿನಲ್ಲಿ ಇರುತ್ತವೆ. ಸುಡೊಕುವಿಗೆ ಭಾಷೆ ಬೇಡ, ನಿಯಮಕ್ಕೆ ಬೇಕು. ಕನ್ನಡ ಶಾಲೆಯ ಮಕ್ಕಳಲ್ಲಿ ಕೂಡುವ ಕಳೆಯುವ ಚುರುಕು ಕಡಿಮೆ ಇಲ್ಲ, ಆದರೆ ನಾಲ್ಕು ಸಾಲಿನ ಇಂಗ್ಲಿಷ್ ಕಂಡ ಕೂಡಲೇ ಹಾಳೆ ತಿರುವಿಬಿಡುತ್ತಾರೆ. ಅಣ್ಣನ ಮಗಳ ಗೆಳತಿಯರಲ್ಲೂ ಇದನ್ನೇ ನೋಡಿದೆ. ಅದೇ ನಿಯಮವನ್ನು ಕನ್ನಡದಲ್ಲಿ ಎರಡು ಸಾಲು ಬರೆದು, ಪಕ್ಕದಲ್ಲಿ ನಾಲ್ಕು ಮನೆಯ ಒಂದು ಸಣ್ಣ ಚಿತ್ರ ಹಾಕಿ ಕೊಟ್ಟೆ. ಆ ಹುಡುಗಿಯರೇ ಕಿಲ್ಲರ್ ಬಿಡಿಸಿದರು. ಆಮೇಲೆ ಕ್ರೋಪ್ಕಿ ಕೇಳಿದರು.

ಹಾಗೆ ಬರೆದ ನಿಯಮಗಳೆಲ್ಲ ಈಗ ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಇವೆ. ಕಿಲ್ಲರ್, ಥರ್ಮೋ, ಬಾಣ, ಕ್ರೋಪ್ಕಿ, ಕುದುರೆ, ಸ್ಯಾಂಡ್‌ವಿಚ್ ಮುಗಿದಿವೆ. ಬಾಕ್ಸ್‌ಗಳ ಆಕಾರವೇ ಸೊಟ್ಟ ಇರುವ ಬಗೆಯದನ್ನು ಈ ವಾರ ಬರೆಯುತ್ತಿದ್ದೇನೆ. ನಿಮ್ಮ ಶಾಲೆಗೋ, ಓಣಿಯ ಮಕ್ಕಳಿಗೋ ಬೇಕಿದ್ದರೆ ಹೇಳಿ, ಫೋಟೊ ತೆಗೆದು ಕಳಿಸುತ್ತೇನೆ. ಕಿಲ್ಲರ್‌ನ ಪುಟದಿಂದ ಶುರುಮಾಡಿಸಿ.